ಎಡತೊರೆ ಕಲಿಸಿದ ಬಾಡಿಗೆ ಪಾಠ

ಕೆ.ಆರ್. ನಗರ ಹುಟ್ಟಿದ್ದೇ ನೀರಿನ ಕಾಟದಿಂದ ಕಣ್ರೀ. ಹಳೇ ಊರು ಎಡತೊರೆ ಇರೋದು ಕಾವೇರಿ ದಡದಲ್ಲಿ. 1924ರ ದೊಡ್ಡ ನೆರೆ ಆದ್ಮೇಲೆ ಹೊಳೆಯಿಂದ ಈಚೆಗೆ ಅಗಲ ಬೀದಿಗಳ ಹೊಸ ಊರು ಕಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ರು.

ನಮ್ಮಪ್ಪ ಬಾಡಿಗೆಗೆ ಬಿಡೋಣ ಅಂತ ಅಲ್ಲೊಂದು ಮಣ್ಣುಗೋಡೆಯ ಹೆಂಚಿನ ಮನೆ ತಗೊಂಡ್ರು. ತೇವ ಕಾಣ್ದಂಗೆ ಸುಣ್ಣದ ಗಾರೆ ಕೆತ್ತಿಸಿ ಸಿಮೆಂಟು ಮೆತ್ತಿಸಿದ್ರು. ಗೋಡೆಗೆ ಉಸಿರು ಕಟ್ತು. ತೇವ ಒಳಗೇ ಉಳಿದು, ಎರಡೇ ಮಳೆಗಾಲಕ್ಕೆ ಸಿಮೆಂಟು ಹಕ್ಕಳೆ ಎದ್ದು ಉದುರ್ತು. ಬಾಡಿಗೆಯೋರು ಅಡ್ವಾನ್ಸು ವಾಪಸ್ ಇಸ್ಕೊಂಡು ಹೊಂಟೋದ್ರು.

ಕೊನೆಗೆ ಸೂರಿನ ನೀರು ಹರಿಯೋಕೆ ಚರಂಡಿ ತೆಗೆಸಿ, ಮತ್ತೆ ಸುಣ್ಣದ ಗಾರೆನೇ ಮಾಡಿಸಿದ್ವಿ. ವರ್ಷದ ಬಾಡಿಗೆ ಅದಕ್ಕೇ ಹೋಯ್ತು.

ಊರನ್ನೇ ಈಚೆಗೆ ತಂದೋರು ಮೊದಲು ನೋಡಿದ್ದು ನೀರಿನ ದಾರೀನ. ಮನೆ ಕೊಳ್ಳೋರೂ ಅಷ್ಟೇ. ಬಣ್ಣ, ಟೈಲ್ಸು ಆಮೇಲೆ.