ಟೀವಿಗೆ ಕಿವಿ ಬಂದಿದ್ದು 1956ರಲ್ಲಿ

ಇವತ್ತಿನ ಎಪಿಸೋಡನ್ನ ದಯವಿಟ್ಟು ಇಯರ್‌ಫೋನ್ ಹಾಕ್ಕೊಂಡು ಕೇಳಿ. ಯಾಕಂದ್ರೆ ಕೆಲವು ಹೆಸರುಗಳನ್ನ ನಾನು ಪದೇ ಪದೇ ಹೇಳಬೇಕಾಗುತ್ತೆ. ಅಲೆಕ್ಸಾ. ಓಕೆ ಗೂಗಲ್. ಎಕ್ಸ್‌ಬಾಕ್ಸ್ ಆನ್. ನೀವು ಸ್ಪೀಕರಲ್ಲಿ ಹಾಕಿದ್ರೆ ಹಾಲ್‌ನಲ್ಲಿರೋ ಯಾವುದಾದ್ರೂ ಡಬ್ಬಿ ಎದ್ದು ಕೂತು ನನ್ನ ಮಾತಿಗೆ ಉತ್ತರ ಕೊಡೋಕೆ ಶುರು ಮಾಡಬಹುದು.

ಇದು ಜೋಕ್ ಅಲ್ಲ. ಟೀವಿಯನ್ನ ಬಾಯಲ್ಲೇ ನಡೆಸೋ ತಂತ್ರಜ್ಞಾನದ ಅತ್ಯಂತ ಹಳೇ ತಲೆನೋವು ಇದು. ಹಳೇದು ಅಂದ್ರೆ ಎಷ್ಟು? ಸುಮಾರು 70 ವರ್ಷ.

ಅಮೆರಿಕದ ಶಿಕಾಗೋದಲ್ಲಿ ಜೆನಿತ್ ಅಂತ ಒಂದು ರೇಡಿಯೊ, ಟೀವಿ ಕಂಪನಿ ಇತ್ತು. ಅದರ ಮುಖ್ಯಸ್ಥ ಯೂಜೀನ್ ಮೆಕ್‌ಡೊನಾಲ್ಡ್. ಈ ಮನುಷ್ಯನಿಗೆ ಟೀವಿ ಜಾಹೀರಾತು ಅಂದ್ರೆ ಆಗ್ತಿರಲಿಲ್ಲ. ಟೀವಿ ಮಾರೋ ಕಂಪನಿಯ ಯಜಮಾನನಿಗೇ ಜಾಹೀರಾತು ಕಂಡ್ರೆ ಸಿಟ್ಟು! ಜನ ದುಡ್ಡು ಕೊಟ್ಟು ಜಾಹೀರಾತಿಲ್ಲದೆ ಸಿನಿಮಾ ನೋಡ್ತಾರೆ ಅಂತ ನಂಬಿ 1951ರಲ್ಲಿ ಶಿಕಾಗೋದ 300 ಕುಟುಂಬಗಳ ಜೊತೆ ಫೋನ್‌ವಿಷನ್ ಅನ್ನೋ ಪ್ರಯೋಗವನ್ನೂ ಮಾಡಿಸಿದ. ನಾವು ಇವತ್ತು ಸಬ್‌ಸ್ಕ್ರಿಪ್ಷನ್ ಅಂತೀವಲ್ಲ, ಅದೇ ಐಡಿಯಾ. ಆಗ ಅದು ನಡೀಲಿಲ್ಲ. ಆದ್ರೆ ಇನ್ನೊಂದು ಆಸೆಯನ್ನ ಅವನು ಬಿಡಲಿಲ್ಲ: ಜಾಹೀರಾತು ಬಂದ ತಕ್ಷಣ ಕೂತಲ್ಲಿಂದಲೇ ಅದರ ಬಾಯಿ ಮುಚ್ಚಿಸೋ ಸಾಧನ ಬೇಕು.

ಮೊದಲು 1950ರಲ್ಲಿ ಬಂದಿದ್ದು ಲೇಜಿ ಬೋನ್ಸ್. ಹೆಸರಿನ ಅರ್ಥವೇ ಸೋಮಾರಿ. ಅದಕ್ಕೆ ವೈರ್ ಇತ್ತು, ಹಾಲ್ ಉದ್ದಕ್ಕೂ ಹಾವಿನ ಥರ ಬಿದ್ದಿರೋದು, ಜನ ಎಡವೋರು. 1955ರಲ್ಲಿ ಯೂಜೀನ್ ಪಾಲಿ ಅನ್ನೋ ಎಂಜಿನಿಯರ್ ವೈರನ್ನ ಕಿತ್ತು ಹಾಕಿ ಫ್ಲ್ಯಾಶ್‌ಮ್ಯಾಟಿಕ್ ಮಾಡಿದ. ನೋಡೋಕೆ ಆಟದ ಪಿಸ್ತೂಲು, ಕೆಲಸದಲ್ಲಿ ಟಾರ್ಚು. ಟೀವಿ ಪರದೆಯ ನಾಲ್ಕು ಮೂಲೆಯಲ್ಲಿ ಬೆಳಕು ಗುರುತಿಸೋ ನಾಲ್ಕು ಕಣ್ಣು. ಒಂದು ಮೂಲೆಗೆ ಬೆಳಕು ಬಿಟ್ರೆ ಚಾನೆಲ್ ಬದಲು, ಇನ್ನೊಂದಕ್ಕೆ ಬಿಟ್ರೆ ಸೌಂಡ್ ಬಂದ್. ಚೆನ್ನಾಗೇ ಇತ್ತು. ಆದ್ರೆ ಕಿಟಕಿಯಿಂದ ಬಿಸಿಲು ಬಿದ್ರೆ ಸೂರ್ಯನೇ ಚಾನೆಲ್ ಬದಲಾಯಿಸಿಬಿಡ್ತಿದ್ದ.

ಆಗ ಈ ಕೆಲಸ ಬಂದಿದ್ದು ರಾಬರ್ಟ್ ಆಡ್ಲರ್ ಕೈಗೆ. ವಿಯೆನ್ನಾದಲ್ಲಿ ಹುಟ್ಟಿ, ಅಲ್ಲೇ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಬಂದವರು. ಎಂಜಿನಿಯರುಗಳ ಮುಂದೆ ಏನೇನು ದಾರಿ ಇತ್ತು ನೋಡಿ. ರೇಡಿಯೊ ತರಂಗ ಬಳಸಬಹುದಿತ್ತು, ಆದ್ರೆ ಅದು ಗೋಡೆ ದಾಟುತ್ತೆ, ಪಕ್ಕದ ಮನೆಯವರ ಟೀವಿನೂ ನಿಮ್ಮ ಮಾತು ಕೇಳುತ್ತೆ. ಶಬ್ದ ಬಳಸಬಹುದಿತ್ತು. ನಮಗೆ ಕೇಳಿಸೋ ಮಾಮೂಲಿ ಶಬ್ದ. ಆದ್ರೆ ಮನೆಯಲ್ಲಿ ಪಾತ್ರೆ ಬಿದ್ರೆ? ಅದಕ್ಕಿಂತ ದೊಡ್ಡ ಪ್ರಶ್ನೆ, ಟೀವಿಯ ಕಾರ್ಯಕ್ರಮದಲ್ಲೇ ಅಂಥದ್ದೇ ಶಬ್ದ ಬಂದ್ರೆ? ಟೀವಿ ತನಗೆ ತಾನೇ ಆರ್ಡರ್ ಕೊಟ್ಟುಕೊಂಡ ಹಾಗಾಗುತ್ತೆ. ಹಾಗಾಗಿ ಅದೂ ಬೇಡ ಅಂದ್ರು. ಈ ಒಂದು ಮಾತನ್ನ ನೆನಪಿಟ್ಕೊಳ್ಳಿ, ಇಡೀ ಎಪಿಸೋಡ್ ಇದರ ಮೇಲೇ ನಿಂತಿದೆ.

ಸೇಲ್ಸ್ ವಿಭಾಗದವರದ್ದು ಇನ್ನೊಂದು ಷರತ್ತು. ರಿಮೋಟಿಗೆ ಶೆಲ್ಲು ಇರಬಾರದು, ಶೆಲ್ಲು ಖಾಲಿಯಾದ್ರೆ ಗಿರಾಕಿ ಟೀವಿನೇ ಕೆಟ್ಟೋಯ್ತು ಅಂದ್ಕೋತಾನೆ. ಆಡ್ಲರ್ ಕೊಟ್ಟ ಉತ್ತರ ನನಗೆ ಇವತ್ತಿಗೂ ಬಲು ಇಷ್ಟ. ರಿಮೋಟಿನ ಒಳಗೆ ನಾಲ್ಕು ಪುಟ್ಟ ಅಲ್ಯೂಮಿನಿಯಂ ಕಡ್ಡಿ, ಒಂದೊಂದು ಒಂದೊಂದು ಅಳತೆ. ಬಟನ್ ಒತ್ತಿದ್ರೆ ಚಿಕ್ಕ ಸುತ್ತಿಗೆ ಹೋಗಿ ಕಡ್ಡಿಗೆ ಹೊಡೆಯುತ್ತೆ. ಪುಟ್ಟ ಜಾಗಟೆ ಅಂದ್ಕೊಳ್ಳಿ. ಆ ನಾದ ಮನುಷ್ಯನ ಕಿವಿಗೆ ನಿಲುಕದಷ್ಟು ಎತ್ತರದ್ದು. ಟೀವಿಯಲ್ಲಿದ್ದ ಮೈಕ್ ಮಾತ್ರ ಅದನ್ನ ಕೇಳಿಸಿಕೊಂಡು ಯಾವ ಕಡ್ಡಿ ಅಂತ ಗುರುತು ಹಿಡಿಯುತ್ತೆ. 1956ರಲ್ಲಿ ಸ್ಪೇಸ್ ಕಮಾಂಡ್ ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಬಟನ್ ಒತ್ತಿದಾಗ ಕ್ಲಿಕ್ ಅಂತಿದ್ದಕ್ಕೆ ಅಮೆರಿಕದ ಜನ ರಿಮೋಟನ್ನ ಕ್ಲಿಕರ್ ಅಂತ ಕರೆದರು.

ಗಮನಿಸಿದ್ರಾ? ಟೀವಿಯೊಳಗೆ ಮೈಕ್. 1956ರಲ್ಲಿ. ಟೀವಿ ನಮ್ಮನ್ನ ಕೇಳಿಸಿಕೊಳ್ಳುತ್ತೆ ಅಂತ ಈಗ ಗಾಬರಿ ಬೀಳ್ತೀವಲ್ಲ, ಕಿವಿ ಆಗಲೇ ಬಂದಿತ್ತು. ಆದ್ರೆ ಅದು ನಮ್ಮ ಮಾತನ್ನ ಕೇಳದ ಹಾಗೆ, ಬೇಕಂತಲೇ, ತಯಾರಾದ ಕಿವಿ.

ನಾನು ಕಾಮರ್ಸ್ ಓದಿದವನು, ಹಾಗಾಗಿ ರೇಟು ಹೇಳದೆ ಮುಂದೆ ಹೋಗಲ್ಲ. ಆ ಸದ್ದು ಗುರುತಿಸೋಕೆ ಟೀವಿಗೆ ಆರು ವಾಲ್ವ್ ಹೆಚ್ಚಿಗೆ ಹಾಕಬೇಕಿತ್ತು, ಸೆಟ್ಟಿನ ಬೆಲೆ ಸುಮಾರು ಶೇ 30ರಷ್ಟು ಏರಿತು. ಆದ್ರೂ ಈ ತಂತ್ರ ಸುಮಾರು 25 ವರ್ಷ ಬಾಳಿತು. 90 ಲಕ್ಷಕ್ಕೂ ಹೆಚ್ಚು ಟೀವಿ ಹೀಗೆ ಮಾರಾಟ ಆದವು. ಕೀ ಗೊಂಚಲು ಅಲ್ಲಾಡಿಸಿದ್ರೆ, ನಾಯಿಯ ಸರಪಳಿ ಝಣ ಅಂದ್ರೆ ಚಾನೆಲ್ ಬದಲಾಗುತ್ತೆ ಅನ್ನೋ ದೂರು ಇತ್ತು. 80ರ ದಶಕದ ಆರಂಭದಲ್ಲಿ ಇನ್‌ಫ್ರಾರೆಡ್ ಬಂದು ಅದನ್ನ ಮನೆಗೆ ಕಳಿಸಿತು.

ನಮ್ಮಲ್ಲಿ ಆ ಹೊತ್ತಿಗೆ ವಾಯ್ಸ್ ಕಂಟ್ರೋಲ್ ಆಗಲೇ ಇತ್ತು ಬಿಡಿ. "ಏ ಪುಟ್ಟಿ, ವಾರ್ತೆ ಬಂತು, ಸೌಂಡ್ ಜಾಸ್ತಿ ಮಾಡು" ಅಂದ್ರೆ ಮನೆಯ ಸಣ್ಣ ಮಗು ಎದ್ದು ಹೋಗಿ ನಾಬ್ ತಿರುಗಿಸೋದು.

ಇತ್ತ ಮಾತು ಗುರುತಿಸೋ ಯಂತ್ರಗಳ ಕಥೆ ಬೇರೆ ದಾರಿಯಲ್ಲಿ ನಡೀತಿತ್ತು. 1952ರಲ್ಲಿ ಬೆಲ್ ಲ್ಯಾಬ್ಸ್‌ನ ಆಡ್ರೇ ಯಂತ್ರಕ್ಕೆ ಅಂಕಿಗಳು ಮಾತ್ರ ಅರ್ಥ ಆಗ್ತಿದ್ದವು. 1962ರಲ್ಲಿ ಐಬಿಎಂನ ಶೂಬಾಕ್ಸ್‌ಗೆ 16 ಪದ. 1976ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹಾರ್ಪಿಗೆ ಸಾವಿರಕ್ಕೂ ಸ್ವಲ್ಪ ಹೆಚ್ಚು. ಹಾರ್ಪಿ ಹುಟ್ಟಿದ್ದು ರಾಜ್ ರೆಡ್ಡಿಯವರ ತಂಡದಲ್ಲಿ. ಅವರು ನಮ್ಮ ಪಕ್ಕದ ಆಂಧ್ರದ ಚಿತ್ತೂರು ಕಡೆಯ ಕಾಟೂರಿನವರು, 1994ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ಓದು ಬರಹ ಗೊತ್ತಿಲ್ಲದವರಿಗೂ ಕಂಪ್ಯೂಟರ್ ದಕ್ಕಬೇಕು, ಅದಕ್ಕೆ ಮಾತೇ ದಾರಿ ಅನ್ನೋ ನಿಲುವು ಅವರದ್ದು. ಲ್ಯಾಬಿನಲ್ಲಿ ಇದೆಲ್ಲ ಸರಿ. ಹಾಲ್‌ನಲ್ಲಿ ಫ್ಯಾನ್ ಓಡ್ತಾ, ಕುಕ್ಕರ್ ಕೂಗ್ತಾ, ಟೀವಿ ಅರಚ್ತಾ ಇರೋವಾಗ ಒಬ್ಬರ ಮಾತು ಹೆಕ್ಕಿ ತೆಗೆಯೋದು ಬೇರೇ ಕಥೆ.

2011ರಲ್ಲಿ ಐಫೋನಿಗೆ ಸಿರಿ ಬಂದಳು. ಮರುವರ್ಷವೇ ಸ್ಯಾಮ್ಸಂಗ್, ಮಾತು ಕೇಳೋ ಟೀವಿಗಳನ್ನ ತಂತು. 2013ರಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಒನ್, ಜೊತೆಗೆ ಕಿನೆಕ್ಟ್ ಮೈಕು. "ಎಕ್ಸ್‌ಬಾಕ್ಸ್ ಆನ್" ಅಂದ್ರೆ ಸಾಕು, ಆನ್. 2014ರಲ್ಲಿ ಬ್ರೇಕಿಂಗ್ ಬ್ಯಾಡ್ ಖ್ಯಾತಿಯ ಆ್ಯರನ್ ಪಾಲ್ ಇದೇ ಎಕ್ಸ್‌ಬಾಕ್ಸಿನ ಜಾಹೀರಾತಲ್ಲಿ ಆ ಮಾತು ಹೇಳಿದ. ಆ ಜಾಹೀರಾತು ಓಡಿದಾಗ ಜನರ ಮನೆಯ ಎಕ್ಸ್‌ಬಾಕ್ಸ್‌ಗಳು ತಾವಾಗೇ ಆನ್ ಆದವು. 50ರ ದಶಕದಲ್ಲಿ ಜೆನಿತ್ ಎಂಜಿನಿಯರುಗಳು ಯಾವುದಕ್ಕೆ ಹೆದರಿದ್ರೋ, ಚಾಚೂ ತಪ್ಪದೆ ಅದೇ.

2017ರ ಜನವರಿಯಲ್ಲಿ ಇನ್ನೊಂದು. ಟೆಕ್ಸಾಸ್‌ನಲ್ಲಿ ಆರು ವರ್ಷದ ಹುಡುಗಿ ಅಲೆಕ್ಸಾ ಜೊತೆ ಮಾತಾಡ್ತಾ ಗೊಂಬೆಮನೆ ಆರ್ಡರ್ ಮಾಡಿಬಿಟ್ಟಳು. ಸ್ಯಾನ್ ಡಿಯಾಗೋದ ಒಂದು ಟೀವಿ ಚಾನೆಲ್ ಅದನ್ನ ಸುದ್ದಿ ಮಾಡಿತು, ನಿರೂಪಕ ಆ ಮಾತನ್ನ ತಮಾಷೆಗೆ ಮತ್ತೆ ಹೇಳಿದ. ನೋಡ್ತಿದ್ದವರ ಮನೆಯ ಅಲೆಕ್ಸಾಗಳೂ ಗೊಂಬೆಮನೆ ಆರ್ಡರ್ ಮಾಡೋಕೆ ಹೊರಟವು ಅಂತ ದೂರು ಬಂತು.

ಇವೆರಡೂ ಆಕಸ್ಮಿಕ. ಅದೇ ಏಪ್ರಿಲ್‌ನದ್ದು ಅಲ್ಲ. ಬರ್ಗರ್ ಕಿಂಗ್ 15 ಸೆಕೆಂಡಿನ ಜಾಹೀರಾತು ಬಿಟ್ಟಿತು. ಹುಡುಗ ಕ್ಯಾಮೆರಾ ಹತ್ತಿರ ಬಂದು, ಓಕೆ ಗೂಗಲ್, ವಾಪರ್ ಬರ್ಗರ್ ಅಂದ್ರೇನು ಅಂತ ಕೇಳ್ತಾನೆ. ಮನೆಯ ಗೂಗಲ್ ಹೋಮ್ ಎಚ್ಚರಗೊಂಡು ವಿಕಿಪೀಡಿಯದಿಂದ ಬರ್ಗರ್ ವರ್ಣನೆ ಓದುತ್ತೆ. ಗೂಗಲ್ ಕೆಲವೇ ಗಂಟೆಗಳಲ್ಲಿ ತಡೆ ಹಾಕಿತು, ಕಂಪನಿ ಬದಲಾಯಿಸಿದ ಆವೃತ್ತಿ ಬಿಟ್ಟಿತು, ಮತ್ತೆ ಕೆಲಸ ಮಾಡಿತು. ಆ ವರ್ಷ ಕ್ಯಾನ್ ಲಯನ್ಸ್ ಜಾಹೀರಾತು ಉತ್ಸವದಲ್ಲಿ ಇದಕ್ಕೆ ಡೈರೆಕ್ಟ್ ವಿಭಾಗದ ಗ್ರ್ಯಾಂಡ್ ಪ್ರಿ ಸಿಕ್ತು. ಜಾಹೀರಾತಿನ ಬಾಯಿ ಮುಚ್ಚಿಸೋಕೆ ಅಂತ ರಿಮೋಟ್ ಹುಟ್ಟಿತು. ಅದರ ಮೊಮ್ಮಗನ ಜೊತೆ ಜಾಹೀರಾತೇ ನೇರವಾಗಿ ಮಾತಾಡಿ ಬಹುಮಾನ ಹೊಡೀತು. ಮೆಕ್‌ಡೊನಾಲ್ಡ್ 1958ರಲ್ಲೇ ತೀರಿಕೊಂಡಿದ್ದ, ಪುಣ್ಯವಂತ.

ಇದಕ್ಕೆ ಮದ್ದು ಇಲ್ವಾ ಅಂದ್ರೆ, ಇದೆ. ಮೈಕ್ ಟೀವಿಯೊಳಗೇ ಇದ್ರೆ ಸ್ಪೀಕರಿಗೆ ಏನು ಹೋಗ್ತಿದೆ ಅನ್ನೋದು ಟೀವಿಗೇ ಗೊತ್ತಿರುತ್ತೆ, ಕೇಳಿಸಿದ ಸದ್ದಲ್ಲಿ ಅಷ್ಟನ್ನ ಕಳೆದರೆ ಉಳಿದದ್ದು ನಿಮ್ಮ ಮಾತು. ಪಕ್ಕದಲ್ಲಿರೋ ಬೇರೆ ಸ್ಪೀಕರಿಗೆ ಈ ಲೆಕ್ಕ ಬರಲ್ಲ. ಹಾಗಾಗಿ ಅಮೆಜಾನ್ ತನ್ನ ಜಾಹೀರಾತುಗಳ ಸದ್ದಿಗೆ ಬೆರಳಚ್ಚಿನ ಥರದ ಗುರುತು ಮಾಡಿಟ್ಟು, ಅದು ಕೇಳಿಸಿದ್ರೆ ಸುಮ್ಮನಿರು ಅಂತ ಅಲೆಕ್ಸಾಗೆ ಹೇಳಿಕೊಟ್ಟಿದೆ. ಜಾಣತನವೇ. ಆದ್ರೆ ಯಾರ ಮಾತು ಕೇಳಬೇಕು, ಯಾರದ್ದು ಬೇಡ ಅನ್ನೋ ಪಟ್ಟಿ ಕಂಪನಿ ಹತ್ತಿರ ಇರುತ್ತೆ, ನಿಮ್ಮ ಹತ್ತಿರ ಅಲ್ಲ.

ಮಾತು ಹೋಗೋದಾದ್ರೂ ಎಲ್ಲಿಗೆ? 2015ರಲ್ಲಿ ಸ್ಯಾಮ್ಸಂಗ್ ಸ್ಮಾರ್ಟ್ ಟೀವಿಯ ಪ್ರೈವೆಸಿ ಪಾಲಿಸಿಯಲ್ಲಿ ಒಂದು ಸಾಲು ಜನರ ಕಣ್ಣಿಗೆ ಬಿತ್ತು. ಟೀವಿ ಮುಂದೆ ನೀವು ಖಾಸಗಿ ವಿಷಯ ಮಾತಾಡಿದ್ರೆ ಅದೂ ರೆಕಾರ್ಡ್ ಆಗಿ ಮೂರನೇ ಕಂಪನಿಗೆ ಹೋಗಬಹುದು ಅನ್ನೋ ಅರ್ಥದ ಸಾಲು. ದೊಡ್ಡ ಗಲಾಟೆ ಆಯ್ತು, ಆರ್ವೆಲ್ ಕಾದಂಬರಿಗೆ ಹೋಲಿಸಿದ್ರು, ಸ್ಯಾಮ್ಸಂಗ್ ಭಾಷೆ ತಿದ್ದಿತು. ಆಡ್ಲರ್ ಮೈಕಿಗೆ ಕೇಳಿಸಿದ್ದು ಆ ಪೆಟ್ಟಿಗೆ ಬಿಟ್ಟು ಆಚೆ ಹೋಗ್ತಿರಲಿಲ್ಲ.

ಹಾಗಂತ ವಾಯ್ಸ್ ಬೇಡ ಅನ್ನೋ ಪಾರ್ಟಿ ನಾನಲ್ಲ. ಕಣ್ಣು ಕಾಣದವರಿಗೆ, ಕೈ ನಡುಗೋರಿಗೆ, ಇಂಗ್ಲಿಷ್ ಮೆನುವಲ್ಲಿ ಒಂದೊಂದೇ ಅಕ್ಷರ ಒತ್ತಿ ಸಿನಿಮಾ ಹುಡುಕೋಕೆ ಆಗದ ಅಜ್ಜಿಗೆ ಇದು ಶೋಕಿ ಅಲ್ಲ. ಗೂಗಲ್‌ನ ಧ್ವನಿ ಹುಡುಕಾಟಕ್ಕೆ ಕನ್ನಡ ಬಂದಿದ್ದು 2017ರ ಆಗಸ್ಟ್‌ನಲ್ಲಿ. ಅಲೆಕ್ಸಾ 2019ರಲ್ಲಿ ಹಿಂದಿ ಕಲಿತಳು. ರಾಜ್ ರೆಡ್ಡಿ ಹೇಳಿದ ಆ ಕೊನೆಯ ಮನುಷ್ಯ ನಮ್ಮ ಕಡೆ ಹಳ್ಳಿಯವನಾದ್ರೆ, ಅವನು ಇನ್ನೂ ಕ್ಯೂನಲ್ಲೇ ಇದ್ದಾನೆ.

ನನ್ನ ವೋಟು ಮೈಕ್ ಬಟನ್ ಇರೋ ರಿಮೋಟಿಗೆ. 2014ರಲ್ಲಿ ಫೈರ್ ಟೀವಿ ಜೊತೆ ಬಂತಲ್ಲ, ಒತ್ತಿ ಹಿಡಿದು ಮಾತಾಡೋದು, ಅದು. ಆರ್ಡರ್ ಕೊಟ್ಟಿದ್ದು ಯಾರು ಅನ್ನೋ ಜೆನಿತ್ ಕಾಲದ ಪ್ರಶ್ನೆಗೆ ಅಲ್ಲಿ ಹೆಬ್ಬೆರಳೇ ಸಾಕ್ಷಿ. ಇನ್ನೊಂದು ವಿಷಯ. ಇಂಥ ಎಷ್ಟೋ ರಿಮೋಟುಗಳಲ್ಲಿ ನೀವು ಮೈಕ್ ಬಟನ್ ಒತ್ತಿದ ಕ್ಷಣ ಟೀವಿ ನಿಮ್ಮ ಮಾತು ಕೇಳೋಕೆ ತನ್ನ ಸೌಂಡ್ ತಗ್ಗಿಸಿಕೊಳ್ಳುತ್ತೆ. ಜಾಹೀರಾತು ಬರ್ತಿದ್ರೂ ಅಷ್ಟೇ. ಮುಂದಿನ ವಾರ ಸಿಗೋಣ.