ಸಾಮು ತೆಗೆದ ಮರುದಿನ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹನುಮಪ್ಪನ ಗುಡಿಯ ಮುಂದೋ ಅಗಸಿಯ ಬಳಿಯೋ ಒಂದು ಗುಂಡುಕಲ್ಲು ಬಿದ್ದಿರುವುದನ್ನು ನೋಡದವರು ಕಡಿಮೆ. ಗದಗ ತಾಲೂಕಿನ ಹಿರೇಹಂದಿಗೋಳದ ಸುತ್ತಿನ ಎರಿ ಸೀಮೆಯಿರಲಿ, ಮುಂಡರಗಿ, ಶಿರಹಟ್ಟಿಗಳ ಮಸಬು ನೆಲವಿರಲಿ, ಕಲ್ಲು ಎತ್ತುವುದು ಈ ಕಡೆಯ ಹುಡುಗರಿಗೆ ಹಬ್ಬದ ದಿನದ ಆಟ. ಸಂಗ್ರಾಣಿ ಕಲ್ಲನ್ನು ತೊಡೆಯ ಮೇಲೆ ತಂದು, ಎದೆಗೆ ಒತ್ತಿ, ಹೆಗಲಿಗೇರಿಸಿ ಹಿಂದಕ್ಕೆ ಚೆಲ್ಲುತ್ತಾರೆ. ಕ್ವಿಂಟಲ್ ತೂಕದ ಜೋಳದ ಚೀಲ ಎತ್ತುವ ಪಂದ್ಯವೂ ಉಂಟು. ಗೆದ್ದವನಿಗೆ ಬೆಳ್ಳಿ ಕಡಗ, ಹಲಗಿಯ ಸದ್ದು, ಊರೆಲ್ಲ ಮೆರವಣಿಗೆ.

ಇದು ಆ ದಿನದ ಮಾತಾಯಿತು. ಮರುದಿನ ಬೆಳಿಗ್ಗೆ ಅದೇ ಹುಡುಗ ಹಾಸಿಗೆಯಿಂದ ಏಳುವಾಗ ಗೋಡೆ ಹಿಡಿಯುತ್ತಾನೆ, ಕಟ್ಟೆ ಇಳಿಯುವಾಗ ಹಲ್ಲು ಕಚ್ಚುತ್ತಾನೆ. ಅದರ ವರದಿಯನ್ನು ಯಾರೂ ಬರೆಯುವುದಿಲ್ಲ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತ ರಚಿಸಿದ ಕುಮಾರವ್ಯಾಸನೂ ಭೀಮ, ಜರಾಸಂಧರ ಮಲ್ಲಯುದ್ಧವನ್ನು ಮೈ ನವಿರೇಳುವಂತೆ ಹಾಡಿದ್ದಾನೆಯೇ ಹೊರತು, ಅಷ್ಟು ದಿನ ಹೆಣಗಿದ ಮೇಲೆ ಭೀಮನ ತೊಡೆ ಹಿಡಿದುಕೊಂಡಿತೇ ಎಂಬುದರ ಗೊಡವೆಗೆ ಹೋಗಿಲ್ಲ. ಕಾವ್ಯಕ್ಕೆ ಅದು ಬೇಕಿಲ್ಲ. ಆದರೆ ಗರಡಿಗೆ ಬೇಕಿತ್ತು. ದಿನವೂ ಸಾಮು ತೆಗೆಯುವವರಿಗೆ ನಿನ್ನೆಯ ನೋವು ಇಂದಿನ ಅಭ್ಯಾಸವನ್ನು ಕೆಡಿಸದಂತೆ ನೋಡಿಕೊಳ್ಳುವುದು ಪಟ್ಟು ಕಲಿಯುವಷ್ಟೇ ಮುಖ್ಯವಾದ ವಿದ್ಯೆಯಾಗಿತ್ತು.

ಆ ವಿದ್ಯೆಯ ಬೇರು ಬಹಳ ಹಿಂದಕ್ಕೆ ಹೋಗುತ್ತದೆ. ಆಯುರ್ವೇದದ ಸುಶ್ರುತ ಸಂಹಿತೆ ವ್ಯಾಯಾಮದ ಲಕ್ಷಣ ಹೇಳಿದ ಉಸಿರಿನಲ್ಲೇ, ಅದು ಮುಗಿದ ಮೇಲೆ ಮೈಯನ್ನೆಲ್ಲ ಹಿತವಾಗಿ ತಿಕ್ಕಿಸಿಕೊಳ್ಳಬೇಕೆಂದು ವಿಧಿಸುತ್ತದೆ. ವಾಗ್ಭಟನೂ ಇದನ್ನೇ ಹೇಳುತ್ತಾನೆ. ಇದಕ್ಕಿಂತ ಸ್ವಾರಸ್ಯವಾದದ್ದು ಇವರಿಬ್ಬರೂ ಹಾಕಿಕೊಟ್ಟಿರುವ ಇನ್ನೊಂದು ಮಿತಿ. ಬಲವಿದ್ದಷ್ಟೂ ವ್ಯಾಯಾಮ ಮಾಡಬಾರದು, ಅರ್ಧ ಬಲಕ್ಕೆ ನಿಲ್ಲಿಸಬೇಕು. ಅರ್ಧ ಬಲವೆಂದು ತಿಳಿಯುವುದು ಹೇಗೆ? ಹಣೆ, ಮೂಗು, ಕಂಕುಳಲ್ಲಿ ಬೆವರೊಡೆದು, ಉಸಿರು ಬಾಯಿಂದ ಬರತೊಡಗಿದರೆ ಅಲ್ಲಿಗೆ ಸಾಕು. ತೂಕದ ಯಂತ್ರ, ಗಡಿಯಾರ ಏನೂ ಇಲ್ಲದ ಕಾಲದಲ್ಲಿ ಮೈಯನ್ನೇ ಅಳತೆಗೋಲು ಮಾಡಿಕೊಂಡ ಈ ಸೂತ್ರ ಮೆಚ್ಚುವಂಥದು. ಮಿತಿ ಮೀರಿದವನ ಗತಿ ಆನೆಯನ್ನು ಎಳೆಯಹೋದ ಸಿಂಹದಂತೆ ಎಂದು ವಾಗ್ಭಟ ಎಚ್ಚರಿಸುತ್ತಾನೆ.

ಕನ್ನಡ ನಾಡಿನ ಮಟ್ಟಿಗೆ ಮಲ್ಲರ ದಿನಚರಿಯನ್ನು ವಿವರವಾಗಿ ಬರೆದಿಟ್ಟವನು ಒಬ್ಬ ಅರಸ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದವನು. ಲಕ್ಕುಂಡಿ, ಗದಗ ಎಲ್ಲವೂ ಆಗ ಅವನ ರಾಜ್ಯಕ್ಕೇ ಸೇರಿದ್ದವು. ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ಒಂದು ‘ಮಲ್ಲವಿನೋದ’ಕ್ಕೆ ಮೀಸಲು. ಅಲ್ಲಿ ಅಭ್ಯಾಸಕ್ಕೆ ಬಳಸಿದ ಮಾತೇ ‘ಶ್ರಮ’. ಭಾರ ಎತ್ತುವುದು ಭಾರಶ್ರಮ, ನಡೆದಾಡುವುದು ಭ್ರಮಣಶ್ರಮ, ನೀರಿನಲ್ಲಿ ಮಾಡುವುದು ಸಲಿಲಶ್ರಮ, ಕಂಬದ ಮೇಲೆ ಮಾಡುವುದು ಸ್ತಂಭಶ್ರಮ. ಕೊನೆಯದು ಇಂದಿನ ಮಲ್ಲಕಂಬದ ಪೂರ್ವಜನೆಂದು ವಿದ್ವಾಂಸರು ಹೇಳುವುದುಂಟು. ಗಮನಿಸಬೇಕಾದ ಸಂಗತಿಯೆಂದರೆ ಭಾರ ಎತ್ತುವುದೊಂದನ್ನೇ ಹಿಡಿದು ಕೂರಲು ಈ ಕ್ರಮ ಬಿಡುವುದಿಲ್ಲ. ಭಾರದ ಪಕ್ಕದಲ್ಲಿ ನಡಿಗೆ, ಅದರ ಪಕ್ಕದಲ್ಲಿ ನೀರು. ಬಿಗಿದ ಮೈಯನ್ನು ಸಡಿಲಿಸಲು ಇವೆರಡಕ್ಕಿಂತ ಸುಲಭದ ಉಪಾಯ ಇಂದಿಗೂ ಸಿಕ್ಕಿಲ್ಲ.

ಮುಂದಿನ ಸಾಕ್ಷ್ಯ ಗದಗಿಗೆ ಇನ್ನೂ ಸಮೀಪದ್ದು, ಹಂಪಿಯದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಬೆಳಗಿನ ಸಾಮನ್ನು ಬಣ್ಣಿಸಿದ್ದಾನೆ. ದೊರೆ ಬೆಳಕು ಹರಿಯುವ ಮೊದಲೇ ಎದ್ದು ಅರ್ಧ ಸೇರಿಗೆ ಹತ್ತಿರದಷ್ಟು ಎಳ್ಳೆಣ್ಣೆ ಕುಡಿಯುತ್ತಿದ್ದ. ಅದೇ ಎಣ್ಣೆಯನ್ನು ಮೈತುಂಬ ಹಚ್ಚಿಸಿಕೊಳ್ಳುತ್ತಿದ್ದ. ಸೊಂಟಕ್ಕೆ ಚಿಕ್ಕ ಬಟ್ಟೆ ಸುತ್ತಿ, ಮಣ್ಣಿನಿಂದ ಮಾಡಿದ ದೊಡ್ಡ ತೂಕಗಳನ್ನು ತೋಳಿನಲ್ಲಿ ಎತ್ತುತ್ತಿದ್ದ. ಆಮೇಲೆ ಎಣ್ಣೆಯೆಲ್ಲ ಬೆವರಾಗಿ ಹರಿಯುವ ತನಕ ಕತ್ತಿ ವರಸೆ, ಅದಾದ ಮೇಲೆ ತನ್ನ ಜಟ್ಟಿಗಳಲ್ಲಿ ಒಬ್ಬನೊಡನೆ ಕುಸ್ತಿ. ಇಷ್ಟಕ್ಕೇ ಮುಗಿಸಿ ಮಲಗಿಬಿಡುತ್ತಿರಲಿಲ್ಲ. ಬೆಳಗಾಗುವವರೆಗೆ ಬಯಲಿನಲ್ಲಿ ಕುದುರೆ ಓಡಿಸಿ, ಅನಂತರ ಸ್ನಾನಕ್ಕೆ ಹೋಗುತ್ತಿದ್ದ.

ಎಣ್ಣೆ ಕುಡಿಯುವ ಭಾಗವನ್ನು ಓದುಗರು ಅನುಸರಿಸಬೇಕಾಗಿಲ್ಲ. ನೋಡಬೇಕಾದದ್ದು ಸರದಿ. ಎಣ್ಣೆ, ಭಾರ, ಕತ್ತಿ, ಕುಸ್ತಿ, ಸವಾರಿ, ಸ್ನಾನ. ಇದರಲ್ಲಿ ಸಾಮು ಬೇರೆ, ನೋವಿನ ಉಪಚಾರ ಬೇರೆ ಎಂಬ ಭೇದವೇ ಕಾಣುವುದಿಲ್ಲ. ಎರಡೂ ಒಂದೇ ಬೆಳಗಿನ ಕೆಲಸ.

ನಮ್ಮ ಗರಡಿಗಳು ಅರಸೊತ್ತಿಗೆ ಹೋದ ಮೇಲೂ ಉಳಿಸಿಕೊಂಡು ಬಂದದ್ದು ಈ ಸರದಿಯನ್ನೇ. ಗದಗ, ಧಾರವಾಡದ ಕಡೆ ಗರಡಿಯನ್ನು ತಾಲೀಮು ಎಂದೂ ಗುರುವನ್ನು ವಸ್ತಾದ ಎಂದೂ ಕರೆಯುತ್ತಾರೆ. ಪೈಲವಾನ, ಮಾಲೀಶು ಎಂಬ ಮಾತುಗಳಂತೆ ಇವೂ ಅರಬ್ಬಿ, ಪಾರಸಿ ಮೂಲದವು. ಹನುಮಂತನ ಪಟ, ತಗ್ಗಿನಲ್ಲಿ ಮಟ್ಟಿ, ಮೂಲೆಯಲ್ಲಿ ಗದೆ, ಕಲ್ಲುಗುಂಡು. ಹೀಗೆ ಹನುಮಂತನಿಗೆ ಕೈಮುಗಿದು, ಪಾರಸಿ ಹೆಸರಿನ ಗುರುವಿನ ಕೈಕೆಳಗೆ, ಸೋಮೇಶ್ವರನ ಕಾಲದ ಶ್ರಮವನ್ನು ಮಾಡುವುದು ಇಲ್ಲಿ ಯಾರಿಗೂ ವಿಚಿತ್ರವೆನಿಸಿಲ್ಲ.

ಮಟ್ಟಿಗೆ ಎರಿ ಮಣ್ಣು ನಡೆಯದು. ಒಣಗಿದರೆ ಬಿರಿಯುತ್ತದೆ, ತೊಯ್ದರೆ ಅಂಟುತ್ತದೆ. ಕೆಮ್ಮಣ್ಣೇ ಆಗಬೇಕು. ಅದನ್ನು ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ, ಕರ್ಪೂರ ಬೆರೆಸಿ, ದಿನವೂ ಅಗೆದು ಹದವಾಗಿಡುತ್ತಾರೆ. ಈ ಅಗೆತ ಕೂಡ ಒಂದು ಸಾಮೇ. ದಂಡ, ಬಸ್ಕಿ, ಜೋಡಿ ಕುಸ್ತಿ ಮುಗಿದ ಮೇಲೆ ಬೆವರಿದ ಮೈಗೆ ಅದೇ ಮಣ್ಣು ಬಳಿದುಕೊಂಡು ಸ್ವಲ್ಪ ಹೊತ್ತು ಕೂರುವುದು ರೂಢಿ. ಮೈ ತಂಪಾಗುತ್ತದೆ, ಬೆವರು ಒಮ್ಮೆಗೇ ಆರಿ ಚಳಿ ಹಿಡಿಯುವುದಿಲ್ಲ ಎಂಬುದು ಗರಡಿಯವರ ಅನುಭವ.

ಆಮೇಲೆ ಮಾಲೀಶು. ಇದಕ್ಕೆ ಹೊರಗಿನವರು ಯಾರೂ ಬರಬೇಕಾಗಿಲ್ಲ. ಇವತ್ತು ಇವನು ಅವನಿಗೆ, ನಾಳೆ ಅವನು ಇವನಿಗೆ. ಚಿಕ್ಕವರು ದೊಡ್ಡ ಪೈಲವಾನರ ಬೆನ್ನಿನ ಮೇಲೆ ನಿಂತು ತುಳಿಯುವುದೂ ಉಂಟು. ತೊಡೆ, ಮೀನಖಂಡ, ಹೆಗಲುಗಳನ್ನು ಮೊದಲು ಹಗುರವಾಗಿ ನೀವಿ, ಬಿಸಿಯಾದ ಮೇಲೆ ಅಂಗೈ ಬುಡದಿಂದ ಒತ್ತಿ, ಬೆರಳಿನಿಂದ ಹಿಸುಕುತ್ತ ಹೋಗುತ್ತಾರೆ. ಹೀಗೆ ತಿಕ್ಕುವವನಿಗೆ ಜೊತೆಗಾರನ ಮೈಯ ಪರಿಚಯವೂ ಆಗುತ್ತದೆ. ಎಲ್ಲಿ ಬರೀ ಬಿಗಿತ, ಎಲ್ಲಿ ಉಳುಕು, ಎಲ್ಲಿ ಮುಟ್ಟಿದರೆ ಇವನು ಜಗ್ಗುತ್ತಾನೆ ಎಂಬುದು ಕೈಗೇ ತಿಳಿಯುತ್ತದೆ. ಮೈಸೂರು ಸೀಮೆಯ ಜಟ್ಟಿಗಳು ವಜ್ರಮುಷ್ಟಿ ಕಾಳಗಕ್ಕೆ ಹೆಸರಾದಂತೆ ಮುರಿದ ಎಲುಬು ಕೂಡಿಸುವುದಕ್ಕೂ ಹೆಸರಾದದ್ದು ಆಕಸ್ಮಿಕವಲ್ಲ.

ಮರುದಿನದ ಕಟ್ಟಳೆ ಇನ್ನೂ ಮುಖ್ಯ. ಹೊಸ ಹುಡುಗ ಮೊದಲ ದಿನದ ಬಸ್ಕಿಗೆ ಸೋತು ಎರಡನೆಯ ದಿನ ಮನೆಯಲ್ಲೇ ಉಳಿದರೆ ವಸ್ತಾದ ಹೇಳಿಕಳಿಸುತ್ತಾನೆ. ಬಂದ ಮೇಲೆ ನಿನ್ನೆಯಷ್ಟೇ ತೆಗೆಸುವುದಿಲ್ಲ. ಮಟ್ಟಿ ಅಗೆಯಲು ಹಚ್ಚುತ್ತಾನೆ, ನಾಲ್ಕು ಬಸ್ಕಿ ಹೊಡೆಸಿ ಬಿಡುತ್ತಾನೆ. ಅಂಕಿ ಏರಿಸುವುದು ಮೆಲ್ಲಗೆ, ವಾರಗಟ್ಟಲೆ.

ಗರಡಿಯ ಹೊರಗೆ, ಮನೆಯಲ್ಲಿ, ಈ ನೋವಿಗೆ ಹೆಂಗಸರು ಬಲ್ಲ ಮದ್ದುಗಳೇ ಬೇರೆ. ಉಪ್ಪಿನ ಗಂಟು ಕಾಸಿ ಕೊಡುವ ಕಾವು, ಲಕ್ಕಿ ಸೊಪ್ಪು ಕುದಿಸಿದ ನೀರಿನ ಜಳಕ, ಬಿಸಿ ಮಾಡಿದ ಎಕ್ಕೆ ಎಲೆ. ದಿನವಿಡೀ ಬಗ್ಗಿ ಕಸ ತೆಗೆದು, ಶೇಂಗಾ ಕಿತ್ತು ಬಂದ ಸೊಂಟಕ್ಕೆ ಅವರು ತಮಗೆ ತಾವೇ ಮಾಡಿಕೊಂಡ ಉಪಚಾರವಿದು. ಬೆಳ್ಳಿ ಕಡಗ ಮಾತ್ರ ಅವರಿಗೆ ಯಾರೂ ತೊಡಿಸಲಿಲ್ಲ.

ಇಷ್ಟೆಲ್ಲ ಉಪಚಾರ ಪಡೆದ ಈ ನೋವು ಎಲ್ಲಿಂದ ಬರುತ್ತದೆಂಬ ಪ್ರಶ್ನೆಗೆ ವಿಜ್ಞಾನ ಕೈಹಾಕಿದ್ದು ತೀರ ಈಚೆಗೆ. 1902ರಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ಥಿಯೊಡೋರ್ ಹಫ್ ಬೆರಳಿನ ಸ್ನಾಯುವನ್ನು ದಣಿಸಿ ಪರೀಕ್ಷಿಸಿದ. ದುಡಿಯುತ್ತಿರುವಾಗಲೇ ಬರುವ ದಣಿವಿನ ನೋವು ಬೇರೆ, ಹಲವು ಗಂಟೆಗಳ ನಂತರ ತಲೆಯೆತ್ತುವ ನೋವು ಬೇರೆ, ಎರಡನೆಯದಕ್ಕೆ ಸ್ನಾಯುವಿನೊಳಗೆ ಆಗುವ ಸೂಕ್ಷ್ಮ ಹರಿತವೇ ಕಾರಣವಿರಬೇಕು ಎಂದು ಅವನು ಸೂಚಿಸಿದ. ಅದಾದ ಮೇಲೂ ಬಹುಕಾಲ ಎಲ್ಲರ ಬಾಯಲ್ಲಿ ಓಡಾಡಿದ್ದು ಲ್ಯಾಕ್ಟಿಕ್ ಆಮ್ಲದ ಕಥೆ. ಸ್ನಾಯುವಿನಲ್ಲಿ ಆಮ್ಲ ನಿಂತುಬಿಡುತ್ತದೆ, ತಿಕ್ಕಿ ಹೊರಗೆ ಹಾಕಬೇಕು ಎಂದು. ಇದು ನಿಜವಲ್ಲ. ವ್ಯಾಯಾಮದಲ್ಲಿ ಏರಿದ ಲ್ಯಾಕ್ಟೇಟ್ ಸುಮಾರು ಒಂದು ಗಂಟೆಯಲ್ಲಿ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ನೋವು ಅರ್ಧ ದಿನ ಕಳೆದ ಮೇಲೆ ಶುರುವಾಗಿ, ಎರಡು ಮೂರನೆಯ ದಿನ ಹೆಚ್ಚಾಗಿ, ವಾರದೊಳಗೆ ಹೋಗುವಂಥದು.

ಹೆಚ್ಚು ಹರಿತವಾಗುವುದು ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗುವಾಗ. ಬಸ್ಕಿಯಲ್ಲಿ ಏಳುವುದಕ್ಕಿಂತ ಕೂರುವುದು, ದಂಡದಲ್ಲಿ ಏರುವುದಕ್ಕಿಂತ ಇಳಿಯುವುದು, ಗುಡ್ಡ ಹತ್ತುವುದಕ್ಕಿಂತ ಇಳಿಯುವುದು ನೋವು ತರುತ್ತದೆ. ಹಾಗೆ ನೋಡಿದರೆ ಹೆಗಲ ಮೇಲಿಂದ ಕಲ್ಲನ್ನು ಹಿಂದಕ್ಕೆ ಚೆಲ್ಲಿಬಿಡುವವನು ಅದನ್ನು ಮೆಲ್ಲಗೆ ಇಳಿಸುವ ಕಷ್ಟದಿಂದ ಪಾರಾಗುತ್ತಾನೆ. ಕಲ್ಲೆತ್ತಿದವನಿಗಿಂತ ಮೊದಲ ಸಲ ನೂರು ಬಸ್ಕಿ ಹೊಡೆದವನೇ ಮರುದಿನ ಹೆಚ್ಚು ನರಳಿದರೆ ಆಶ್ಚರ್ಯವಿಲ್ಲ.

ಮಾಲೀಶಿನ ಮಾತೇನು? 2012ರಲ್ಲಿ ಕೆನಡದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 11 ಮಂದಿ ತರುಣರನ್ನು ಸೈಕಲ್ ತುಳಿಸಿ ದಣಿಸಿ, ಒಂದು ಕಾಲಿಗೆ ಮಾತ್ರ 10 ನಿಮಿಷ ಮಾಲೀಶು ಮಾಡಿ, ಎರಡೂ ತೊಡೆಗಳ ಸ್ನಾಯುವಿನ ತುಣುಕು ತೆಗೆದು ಹೋಲಿಸಿದರು. ತಿಕ್ಕಿದ ಕಾಲಿನಲ್ಲಿ ಉರಿಯೂತದ ಸೂಚನೆಗಳು ಕಡಿಮೆಯಿದ್ದವು, ಲ್ಯಾಕ್ಟೇಟಿನಲ್ಲಿ ವ್ಯತ್ಯಾಸವಿರಲಿಲ್ಲ. 2018ರಲ್ಲಿ ಫ್ರಾನ್ಸಿನ ತಂಡವೊಂದು 99 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇಂಥ ನೋವನ್ನು ಇಳಿಸುವ ಉಪಾಯಗಳಲ್ಲಿ ಎಲ್ಲಕ್ಕಿಂತ ಮುಂದೆ ನಿಂತದ್ದು ಮಾಲೀಶೇ. ಮೈಕೈ ಎಳೆದು ಜಗ್ಗುವ ವ್ಯಾಯಾಮ ಇದರಲ್ಲಿ ಸೋತಿದೆ. ಮೊದಲು ಮಾಡಿದರೂ ನಂತರ ಮಾಡಿದರೂ ಅದು ನೋವನ್ನು ತಗ್ಗಿಸುವುದು ಹೆಸರಿಗೆ ಮಾತ್ರ ಎಂದು 2011ರ ಒಂದು ದೊಡ್ಡ ಪರಿಶೀಲನೆ ತೋರಿಸಿತು.

ವಸ್ತಾದನ ಅಂಕಿ ಏರಿಸುವ ಪದ್ಧತಿಗೂ ಆಧಾರ ಸಿಕ್ಕಿದೆ. ಒಮ್ಮೆ ನೋವುಂಡ ಸ್ನಾಯು ಅದೇ ಕೆಲಸವನ್ನು ಮತ್ತೆ ಮಾಡಿದಾಗ ಬಹಳ ಕಡಿಮೆ ನೋಯುತ್ತದೆ. ಈ ರಕ್ಷಣೆ ವಾರಗಟ್ಟಲೆ ಉಳಿಯುತ್ತದೆ. ಸ್ವಲ್ಪವೇ ಮಾಡಿದರೂ ಅದು ದಕ್ಕುವುದರಿಂದ ಮೊದಲ ದಿನವೇ ಮೈ ಮುರಿದುಕೊಳ್ಳುವ ಅಗತ್ಯವಿಲ್ಲ. ಹಾಗೆಂದು ಗರಡಿಯ ಎಲ್ಲ ನಂಬಿಕೆಯೂ ನಿಲ್ಲುವುದಿಲ್ಲ. ತಿಕ್ಕಿದ ಎಣ್ಣೆ ಸ್ನಾಯುವಿಗೆ ಇಳಿದು ಬಲ ಕೊಡುತ್ತದೆಂಬುದು ಅಂಥದೊಂದು. ಎಣ್ಣೆಯ ಕೆಲಸ ಕೈ ಜಾರುವಂತೆ ಮಾಡುವುದು. ಕೆಲಸ ಮಾಡುವುದು ಕೈ.

ಆದರೆ ನಮ್ಮ ಕಾಲಕ್ಕೆ ಉಳಿದದ್ದು ಎಣ್ಣೆಯೇ. ಕಾಶೀನಾಥುನಿ ನಾಗೇಶ್ವರರಾಯರು 1893ರಲ್ಲಿ ಮುಂಬಯಿಯಲ್ಲಿ ಅಮೃತಾಂಜನ ಆರಂಭಿಸಿದಾಗಿನಿಂದ ನೋವಿನ ಮದ್ದು ಶೀಸೆಯಲ್ಲಿ ಸಿಗತೊಡಗಿತು. ಇಂಥ ಮುಲಾಮುಗಳು ಚರ್ಮಕ್ಕೆ ತಂಪು, ಉರಿ ಕೊಟ್ಟು ಒಳಗಿನ ನೋವನ್ನು ಸ್ವಲ್ಪ ಹೊತ್ತು ಮರೆಸುತ್ತವೆ. ಅದೇ ಕಾಲಕ್ಕೆ ಕಬ್ಬಿಣದ ತೂಕದ ವ್ಯಾಯಾಮವೂ ಪೇಟೆಗಳಿಗೆ ಬಂತು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ಕನ್ನಡಿಗರು ಬಲ್ಲ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಇದಕ್ಕೆ ಹೆಸರು ತಂದರು. ಅವರು ತೂಕದ ಜೊತೆಗೆ ಸೂರ್ಯನಮಸ್ಕಾರವನ್ನೂ ಕಲಿಸಿದವರು. ಆ ಜೋಡಣೆಯನ್ನು ಅವರ ನಂತರದ ಜಿಮ್ಮುಗಳು ಅಷ್ಟಾಗಿ ನೆನಪಿಟ್ಟುಕೊಳ್ಳಲಿಲ್ಲ.

ಇಂದು ಗದಗ-ಬೆಟಗೇರಿಯಲ್ಲಿಯೂ ಜಿಮ್ಮುಗಳಿವೆ, ಹಳ್ಳಿಯ ಹುಡುಗರು ಮೋಟರ್ ಸೈಕಲ್ ಏರಿ ಹೋಗಿ ಬರುತ್ತಾರೆ. ಯಂತ್ರ ಚೆನ್ನಾಗಿದೆ, ಕನ್ನಡಿ ದೊಡ್ಡದಿದೆ. ಬೆನ್ನು ತಿಕ್ಕುವ ಜೊತೆಗಾರನಿಲ್ಲ. ಮರುದಿನ ಎದ್ದೇಳಲಾಗದವನಿಗೆ ಯಾರೂ ಹೇಳಿಕಳಿಸುವುದಿಲ್ಲ. ಆತ ನೋವಿನ ಗುಳಿಗೆ ನುಂಗಿ ಮತ್ತೆ ಅಷ್ಟೇ ತೂಕ ಎತ್ತುತ್ತಾನೆ, ಇಲ್ಲವೇ ಹಣ ಕಟ್ಟಿದ್ದು ಹೋದರೆ ಹೋಗಲೆಂದು ಬಿಟ್ಟೇಬಿಡುತ್ತಾನೆ. ಗುಳಿಗೆ ರೂಢಿಯಾದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಇನ್ನೊಂದು ಅಪಾಯ ಅಪರೂಪದ್ದಾದರೂ ದೊಡ್ಡದು. ಅತಿಯಾದ ಸಾಮಿನ ನಂತರ ಸ್ನಾಯು ಊದಿಕೊಂಡು, ಮೂತ್ರ ಹಾಲಿಲ್ಲದ ಚಹದಂತೆ ಕಪ್ಪಾದರೆ ಅದು ತಿಕ್ಕಿ ಕಳೆಯುವ ನೋವಲ್ಲ. ಆಗ ಮಾಲೀಶು ಮಾಡಿಸುತ್ತ ಕೂರದೆ ಆಸ್ಪತ್ರೆಗೆ ಓಡಬೇಕು.

ಉಳಿದಂತೆ, ಜಾತ್ರೆಯಲ್ಲಿ ಚೀಲ ಎತ್ತಿ ಬಂದ ಹುಡುಗ ಮನೆಯಲ್ಲಿದ್ದರೆ ಅವನಿಗೆ ಬೇಕಾದದ್ದು ಬಿಸಿನೀರು, ಹೊಟ್ಟೆ ತುಂಬ ಊಟ, ರಾತ್ರಿಯ ನಿದ್ದೆ, ಅಣ್ಣನೋ ತಮ್ಮನೋ ಹತ್ತು ನಿಮಿಷ ತೊಡೆ ತಿಕ್ಕಿಕೊಡುವುದು. ಬೆಳಿಗ್ಗೆ ಹೊಲದ ತನಕ ನಡೆದು ಬರಲಿ. ಎರಡನೆಯ ದಿನ ನೋವು ಹೆಚ್ಚಾದರೆ ಹೆದರುವುದು ಬೇಡ, ಅದು ಹಾಗೆಯೇ ಬರುವುದು. ಬಸ್ಕಿಗೆ ಮೂರನೆಯ ದಿನ ಇಳಿಯಬಹುದು, ಅದೂ ಅರ್ಧಕ್ಕೆ.