2012ಕ್ಕಿಂತ ಮುಂಚೆಯೂ ಯಂತ್ರಗಳು ಕಲಿಯುತ್ತಿದ್ದವು

ಎಂಜಿನಿಯರಿಂಗ್ ವಿಭಾಗದಲ್ಲಿ ಮಷೀನ್ ಲರ್ನಿಂಗ್ ಕುರಿತು ಪಿಎಚ್.ಡಿ. ಮಾಡುವವರ ಥೀಸಿಸ್‌ಗಳ ಮೊದಲ ಅಧ್ಯಾಯ ಈಗ ಹೆಚ್ಚುಕಡಿಮೆ ಒಂದೇ ಕಡೆಯಿಂದ ಶುರುವಾಗುತ್ತದೆ: 2012, ಇಮೇಜ್‌ನೆಟ್ ಸ್ಪರ್ಧೆ, ಟೊರೊಂಟೊದ ಮೂವರು ಎರಡು ಜಿಪಿಯು ಕಾರ್ಡುಗಳ ಮೇಲೆ ತರಬೇತಿ ಕೊಟ್ಟ ನ್ಯೂರಲ್ ನೆಟ್‌ವರ್ಕ್. ಅದರ ಹಿಂದಿನದೆಲ್ಲ ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ನಮ್ಮಲ್ಲಿ ನಡೆದ ಕೆಲಸಕ್ಕೆ ಆ ಒಂದೆರಡು ಸಾಲಿನಲ್ಲೂ ಜಾಗ ಸಿಗುವುದಿಲ್ಲ. ಹೆಸರುಗಳು ಮರೆಯಾಗುವುದು ಸಣ್ಣ ನಷ್ಟ. ಈ ವಿಷಯದಲ್ಲಿ ಡಾಕ್ಟರೇಟ್ ಮಾಡುವುದೆಂದರೆ ಯಾವ ಬಗೆಯ ಪ್ರಶ್ನೆಯನ್ನು ಹಿಡಿಯುವುದು ಎಂಬ ತಿಳಿವಳಿಕೆಯೇ ಕಿರಿದಾಗಿರುವುದು ದೊಡ್ಡ ನಷ್ಟ.

ಆರಂಭದ ಕಾಲವನ್ನು ಬೇಗ ದಾಟಬಹುದು. ರೋಸೆನ್‌ಬ್ಲಾಟ್‌ನ ಪರ್ಸೆಪ್ಟ್ರಾನ್ 1958ರದು. 1965ರಲ್ಲಿ ಬಂದ ಹೋ–ಕಶ್ಯಪ್ ವಿಧಾನದ ಕಶ್ಯಪ್, ಮುಂದೆ ಬೆಂಗಳೂರಿನಿಂದ ವೇದಗಳ ಅನುವಾದಗಳನ್ನು ಪ್ರಕಟಿಸಿದ ಆರ್.ಎಲ್. ಕಶ್ಯಪ್ ಅವರೇ, ಆ ಪುಸ್ತಕಗಳನ್ನು ಓದಿದ ಎಷ್ಟೋ ಮಂದಿಗೆ ಈ ಸಂಗತಿ ಗೊತ್ತಿಲ್ಲ. ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಪ್ಯಾಟರ್ನ್ ರೆಕಗ್ನಿಷನ್, ಫಜಿ ಗಣಗಳ ಕೆಲಸ ನಡೆಯಿತು. ಅದರ ಕಥೆಯೇ ಬೇರೆ, ಅದನ್ನು ಅಲ್ಲಿಯವರೇ ಬರೆಯಬೇಕು.

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಈ ವಿದ್ಯೆ ಹುಟ್ಟಿದ್ದು ಕಂಟ್ರೋಲ್ ಎಂಜಿನಿಯರಿಂಗ್‌ನ ಮಗ್ಗುಲಲ್ಲಿ. ಯೇಲ್ ವಿಶ್ವವಿದ್ಯಾಲಯದ ಕೆ.ಎಸ್. ನರೇಂದ್ರ ಮತ್ತು ಈ ಸಂಸ್ಥೆಯ ಎಂ.ಎ.ಎಲ್. ತಾತಾಚಾರ್ 1974ರಲ್ಲಿ ಲರ್ನಿಂಗ್ ಆಟೊಮೆಟಾ ಕುರಿತ ಸಮೀಕ್ಷೆಯನ್ನು ಪ್ರಕಟಿಸಿದರು. 1989ರಲ್ಲಿ ಇಬ್ಬರ ಪುಸ್ತಕ ಬಂತು. ವಿಚಾರ ಸರಳ. ಯಂತ್ರದ ಮುಂದೆ ಕೆಲವು ಆಯ್ಕೆಗಳಿವೆ, ಪ್ರತಿಯೊಂದಕ್ಕೂ ಒಂದೊಂದು ಸಂಭವನೀಯತೆ. ಆರಿಸಿದ್ದಕ್ಕೆ ಪರಿಸರದಿಂದ ಮೆಚ್ಚುಗೆ ಬಂದರೆ ಅದರ ಸಂಭವನೀಯತೆಯನ್ನು ತುಸು ಏರಿಸಿ ಉಳಿದವನ್ನು ಇಳಿಸಬೇಕು. ಬಾರದಿದ್ದರೆ ಏನನ್ನೂ ಮುಟ್ಟಬಾರದು. ಹೆಜ್ಜೆ ಚಿಕ್ಕದಾದಷ್ಟೂ ಯಂತ್ರ ಕೊನೆಗೆ ಅತ್ಯುತ್ತಮ ಆಯ್ಕೆಯಲ್ಲಿ ನೆಲೆಗೊಳ್ಳುವ ಸಾಧ್ಯತೆ ಒಂದಕ್ಕೆ ಹತ್ತಿರವಾಗುತ್ತದೆ, ಆದರೆ ಕಲಿಕೆ ನಿಧಾನವಾಗುತ್ತದೆ. ಇದನ್ನು ಪ್ರೋಗ್ರಾಮ್ ಆಗಿ ಬರೆಯಲು ಒಂದು ಸಂಜೆ ಸಾಕು; ಸಾಧಿಸಿ ತೋರಿಸಲು ಸಂಭವನೀಯತಾ ಶಾಸ್ತ್ರದ ಗಟ್ಟಿ ತಳಹದಿ ಬೇಕು. ಅದೇ ಸಂಸ್ಥೆಯಲ್ಲಿದ್ದಾಗ ವಿವೇಕ್ ಬೋರ್ಕರ್ 1997ರಲ್ಲಿ ಎರಡು ಕಾಲಮಾನಗಳ ಸ್ಟೊಕಾಸ್ಟಿಕ್ ಅಪ್ರಾಕ್ಸಿಮೇಶನ್ ಕುರಿತು ಬರೆದರು. ಒಂದು ಲೆಕ್ಕ ವೇಗವಾಗಿ, ಇನ್ನೊಂದು ಮೆಲ್ಲಗೆ ಓಡಿದರೆ ಎರಡೂ ಎಲ್ಲಿಗೆ ಮುಟ್ಟುತ್ತವೆ ಎಂಬುದನ್ನು ಅದು ಬಿಡಿಸಿ ತೋರಿಸಿತು. ಶಲಭ್ ಭಟ್ನಾಗರ್, ರಿಚರ್ಡ್ ಸಟನ್ ಮೊದಲಾದವರು 2009ರಲ್ಲಿ ಪ್ರಕಟಿಸಿದ ಆಕ್ಟರ್–ಕ್ರಿಟಿಕ್ ವಿಧಾನಗಳ ಗಣಿತದ ಪುರಾವೆ ನಿಂತಿರುವುದು ಈ ಬಗೆಯ ವಿಶ್ಲೇಷಣೆಯ ಮೇಲೆಯೇ.

ಒಂದೇ ಪ್ರಶ್ನೆಯನ್ನು ಬಿಡದೆ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತಲೂ ಒಳ್ಳೆಯ ಪುರಾವೆ ಇದೆ. ಯಂತ್ರಕ್ಕೆ ಕೊಡುವ ಉದಾಹರಣೆಗಳ ಲೇಬಲ್‌ಗಳೇ ತಪ್ಪಾಗಿದ್ದರೆ ಅದು ಸರಿಯಾದದ್ದನ್ನು ಕಲಿಯಬಲ್ಲುದೇ? ತಾತಾಚಾರ್ ಮತ್ತು ಪಿ.ಎಸ್. ಶಾಸ್ತ್ರಿ 1987ರಲ್ಲಿ ಆಟೊಮೆಟಾಗಳ ತಂಡವೊಂದು ವರ್ಗೀಕರಣ ಕಲಿಯುವ ಬಗೆಯನ್ನು ತೋರಿಸಿದರು. ಅದರ ಬೆನ್ನಿಗೆ ಬಂದ ಕೆಲಸ ಈ ಪ್ರಶ್ನೆಗೆ ತಿರುಗಿತು. 2017ರಲ್ಲಿ ಶಾಸ್ತ್ರಿ ಮತ್ತು ಜೊತೆಗಾರರು ಡೀಪ್ ನೆಟ್‌ವರ್ಕ್‌ಗಳನ್ನೇ ಎದುರಿಗಿಟ್ಟುಕೊಂಡು, ಎಲ್ಲರೂ ಬಳಸುವ ಕ್ರಾಸ್ ಎಂಟ್ರಪಿ ಇಂಥ ತಪ್ಪುಗಳಿಗೆ ಸೋಲುತ್ತದೆ, ಕೆಲವು ಷರತ್ತುಗಳಲ್ಲಿ ಸರಾಸರಿ ನಿರಪೇಕ್ಷ ದೋಷ ತಾಳಿಕೊಳ್ಳುತ್ತದೆ ಎಂದು ಸಾಧಿಸಿದರು. ಅದರಲ್ಲಿ ತರಬೇತಿ ಕಷ್ಟ ಎಂಬ ಕೊರತೆಯನ್ನು ನೀಗಿಸಲು 2018ರಿಂದೀಚೆಗೆ ಬೇರೆ ದೇಶಗಳವರು ಪೇಪರ್ ಮೇಲೆ ಪೇಪರ್ ಬರೆದರು. ಮೂವತ್ತು ವರ್ಷಗಳಲ್ಲಿ ಉಪಕರಣಗಳು ಬದಲಾದವು, ಪ್ರಶ್ನೆ ಬದಲಾಗಲಿಲ್ಲ. ಇನ್ನೊಂದು ಉದಾಹರಣೆ ಇನ್ನೂ ಹತ್ತಿರದ್ದು. ಸಪೋರ್ಟ್ ವೆಕ್ಟರ್ ಮಷೀನ್‌ಗೆ ಪ್ಲಾಟ್ ರೂಪಿಸಿದ ಎಸ್‌ಎಂಒ ವಿಧಾನ ಒಂದೇ ಮಿತಿಮೌಲ್ಯ ಇಟ್ಟುಕೊಂಡು ಸಾಗುತ್ತಿತ್ತು. ಸತ್ಯ ಕೀರ್ತಿ, ಶೇವಡೆ, ಭಟ್ಟಾಚಾರ್ಯ, ಮೂರ್ತಿ 2001ರಲ್ಲಿ ಎರಡು ಮಿತಿಮೌಲ್ಯಗಳನ್ನಿಟ್ಟು ಅದರ ತೊಡಕನ್ನು ಬಿಡಿಸಿದರು. ಆ ವಿಚಾರ ಲಿಬ್‌ಎಸ್‌ವಿಎಂಗೆ, ಅಲ್ಲಿಂದ ಸೈಕಿಟ್‌ಲರ್ನ್‌ಗೆ ಇಳಿಯಿತು. ಹುಬ್ಬಳ್ಳಿಯ ಲ್ಯಾಬಿನಲ್ಲಿ ಎಸ್‌ವಿಎಂ ಓಡಿಸುವ ವಿದ್ಯಾರ್ಥಿ ತನಗೆ ಅರಿವಿಲ್ಲದೆಯೇ ಬೆಂಗಳೂರಿನ ಕೆಲಸವನ್ನು ಬಳಸುತ್ತಿರುತ್ತಾನೆ.

ಲರ್ನಿಂಗ್ ಆಟೊಮೆಟಾ ಸೋತ ಕುದುರೆ, ಗೆದ್ದದ್ದು ದೊಡ್ಡ ನೆಟ್‌ವರ್ಕ್ ಮತ್ತು ದೊಡ್ಡ ಡೇಟಾ, ಗಣಿತದ ಪುರಾವೆಗಳಿಗೆ ಕಾಯದೆಯೇ ಅವು ಗೆದ್ದವು ಎಂಬ ಆಕ್ಷೇಪ ಇದ್ದೇ ಇದೆ. ಅದರಲ್ಲಿ ಅರ್ಧ ಸತ್ಯವಿದೆ. ಕೋಟಿಗಟ್ಟಲೆ ಪ್ಯಾರಾಮೀಟರ್‌ಗಳಿಗೆ ಆ ಹಳೆಯ ವಿಧಾನಗಳು ನೇರವಾಗಿ ಹಿಗ್ಗುವುದಿಲ್ಲ. ಆದರೆ ಮೇಲೆ ಹೇಳಿದ ಮೆಚ್ಚುಗೆಯ ನಿಯಮದ ಎರಡು ಆಯ್ಕೆಗಳ ರೂಪ ತನ್ನ ರೀಇನ್‌ಫೋರ್ಸ್ ವಿಧಾನದ ವಿಶೇಷ ಸಂದರ್ಭ ಎಂದು ರೊನಾಲ್ಡ್ ವಿಲಿಯಮ್ಸ್ 1992ರಲ್ಲೇ ಬರೆದಿದ್ದಾನೆ. ಚಾಟ್‌ಬಾಟ್‌ಗಳನ್ನು ಮನುಷ್ಯರ ಮೆಚ್ಚುಗೆಗೆ ತಕ್ಕಂತೆ ತಿದ್ದಲು 2022ರಲ್ಲಿ ಬಳಸಿದ ಪಿಪಿಒ ಎಂಬ ವಿಧಾನ ಅದೇ ವಂಶದ್ದು. ಇನ್ನು ದೊಡ್ಡ ಗಣಕಗಳಿಲ್ಲದ ಸಂಸ್ಥೆ ಗಣಕದ ಗಾತ್ರದಲ್ಲಿ ಪೈಪೋಟಿಗಿಳಿಯುವುದಕ್ಕಿಂತ ಇಂಥ ಪ್ರಶ್ನೆಗಳನ್ನು ಹಿಡಿಯುವುದೇ ಲೇಸು.

ಕೊರತೆ ಕಾಣುವುದು ಟಾಟಾ ಇನ್‌ಸ್ಟಿಟ್ಯೂಟಿನ ಆವರಣದ ಹೊರಗೆ. ವಿಟಿಯು ಅಡಿಯ ಕಾಲೇಜುಗಳ ಸಂಶೋಧನಾ ಕೇಂದ್ರಗಳಲ್ಲಿ ಎಷ್ಟೋ ಮಂದಿ ಪಾಠ ಮಾಡುತ್ತಲೇ ಪಿಎಚ್.ಡಿ. ಮಾಡುತ್ತಾರೆ. ಯುಜಿಸಿ ನಿಯಮದಂತೆ ಒಬ್ಬ ಪ್ರೊಫೆಸರ್ 8 ಮಂದಿಯವರೆಗೆ ಮಾರ್ಗದರ್ಶನ ಮಾಡಬಹುದು. ಇಂಥ ಸಂಶೋಧಕರ ಕೈಗೆ ಸುಲಭವಾಗಿ ಸಿಗುವುದು ಸಿದ್ಧ ಡೇಟಾಸೆಟ್. ಎಲೆರೋಗ ಗುರುತಿಸಲು ಬಳಸುವ ಪ್ಲಾಂಟ್‌ವಿಲೇಜ್ ಅಂಥದ್ದು: 54,306 ಚಿತ್ರಗಳು, 14 ಬೆಳೆಗಳು. 2016ರ ಅಧ್ಯಯನದಲ್ಲಿ ಅದರೊಳಗಿನ ಚಿತ್ರಗಳ ಮೇಲೆ ನಿಖರತೆ ಶೇ. 99 ದಾಟಿತು, ಬೇರೆ ಪರಿಸ್ಥಿತಿಯಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಸುಮಾರು ಶೇ. 31ಕ್ಕೆ ಕುಸಿಯಿತು. ಈ ಕುಸಿತ ಏಕೆ, ಎಷ್ಟರ ಮಟ್ಟಿಗೆ ತಡೆಯಬಹುದು ಎಂಬುದು ಡಾಕ್ಟರೇಟಿಗೆ ಯೋಗ್ಯವಾದ ಪ್ರಶ್ನೆ. ಶೇ. 99ನ್ನು 99.4 ಮಾಡುವುದಕ್ಕೆ ಆ ಯೋಗ್ಯತೆ ಇಲ್ಲ. ಆ 14 ಬೆಳೆಗಳಲ್ಲಿ ರಾಗಿಯೂ ಇಲ್ಲ, ಅಡಿಕೆಯೂ ಇಲ್ಲ. ಮಲೆನಾಡಿನ ತೋಟಗಳನ್ನು ಎಲೆಚುಕ್ಕೆ ರೋಗ ಹಾಳುಮಾಡುತ್ತಿರುವಾಗ ತಪ್ಪು ಲೇಬಲ್, ಮಂದ ಬೆಳಕು, ಮಳೆ ತೊಟ್ಟಿಕ್ಕುವ ಎಲೆಗಳ ನಡುವೆ ಕಲಿಯಬಲ್ಲ ವಿಧಾನವನ್ನು ಹುಡುಕುವವರಿಗೆ ಗೈಡ್ ಜೊತೆಗೆ ಕೃಷಿ ವಿಶ್ವವಿದ್ಯಾಲಯದ ಸಹಮಾರ್ಗದರ್ಶಕರೂ, ಸಂಭವನೀಯತಾ ಶಾಸ್ತ್ರದ ಒಂದು ನಿಜವಾದ ಕೋರ್ಸೂ, ಪೇಪರ್ ಬಾರದ ಒಂದು ವರ್ಷವನ್ನು ಸಹಿಸುವ ಸಮಿತಿಯೂ ಬೇಕು. 2022ರ ಯುಜಿಸಿ ನಿಯಮಾವಳಿ ಪ್ರಕಟಣೆಯ ಕಡ್ಡಾಯವನ್ನು ಕೈಬಿಟ್ಟಿದೆ, ಹೀಗಾಗಿ ಕೊನೆಯದಕ್ಕೆ ಯುಜಿಸಿಯ ಅಡ್ಡಿಯಿಲ್ಲ. ಉಳಿದೆರಡನ್ನು ಒದಗಿಸುವುದು ವಿಶ್ವವಿದ್ಯಾಲಯಗಳ ಕೈಯಲ್ಲೇ ಇದೆ.